ಮೈಕು ನಮ್ಮಣ್ಣನದು

ಮೈಕ್ ಅಂಗಡಿಯ ಹಿಂದಿನ ಕೋಣೆಯಿಂದ,
ಭಾನುವಾರ, ಊಟವಾದ ಮೇಲೆ

ನನ್ನ ಬಾಯಿಬಡುಕಿ ಗಿಣಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಮೊದಲು ಸೊಂಟದ ವಿಷಯ ಬರೆ. ಬಸ್ಸಿನ ಸೀಟು ಕಲ್ಲಿನ ಹಾಗಿದೆ, ಸಂಜೆ ಕೆಳಗಿಳಿಯುವಾಗ ಮುದುಕಿಯ ಹಾಗೆ ಇಳಿಯುತ್ತೇನೆ ಎಂದು ಹೋದ ಪತ್ರದಲ್ಲಿ ನೀನೇ ಬರೆದಿದ್ದೆ. ಒಂದು ತೆಳ್ಳನೆಯ ದಿಂಬನ್ನು ಬೆನ್ನಿಗೆ ಕೊಟ್ಟುಕೊಂಡು ಕೂರು. ತರಬೇತಿ ಕೊಡುವವರು ನಕ್ಕರೆ ನಗಲಿ, ಸೊಂಟ ನಿನ್ನದು, ಅವರದಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ಟೀ ಕುಡಿದೇ ದಿನ ದೂಡುತ್ತಿದ್ದೀಯೋ? ಹಾಸ್ಟೆಲಿನ ಆ ಗೊರಕೆಯವಳು ಬೇರೆ ಕೋಣೆಗೆ ಹೋದಳೇ? ಅಷ್ಟುದ್ದದ ಬಸ್ಸನ್ನು ಹಿಂದಕ್ಕೆ ತೆಗೆಯುವುದು ಕಲಿತೆಯಂತೆ. ನಿನ್ನಮ್ಮ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದಳು. ನಾನೂ ಹೇಳಿದೆ. ನಾನು ಹೇಳುವಾಗ ಮಾತ್ರ ಬಸ್ಸು ಇನ್ನಷ್ಟು ಉದ್ದವಾಯಿತು, ರಸ್ತೆ ಇನ್ನಷ್ಟು ಕಿರಿದಾಯಿತು, ಒಂದು ಪಕ್ಕಕ್ಕೆ ಪ್ರಪಾತವೂ ಬಂದು ಸೇರಿಕೊಂಡಿತು. ನಿನ್ನ ಮಾವನ ಬಾಯಿ ನಿನಗೆ ಹೊಸದೇನಲ್ಲವಲ್ಲ.

ನನ್ನ ಆರೋಗ್ಯಕ್ಕೇನೂ ಕೊರತೆಯಿಲ್ಲ. ಕೆಳಗಿನ ಹಲ್ಲೊಂದು ಅಲ್ಲಾಡುತ್ತಿದೆ, ಗಂಟಲು ಮಾತ್ರ ಅಲ್ಲಾಡಿಲ್ಲ. ನಮ್ಮ ಹಳ್ಳಿ ಶಾಲೆಯ ಗಂಟೆ ಕಳುವಾದಾಗ ಹೆಡ್‌ಮೇಷ್ಟ್ರು ನನ್ನನ್ನೇ ಗಂಟೆ ಮಾಡಿಕೊಂಡಿದ್ದ ಕಥೆ ನಿನಗೆ ಹೇಳಿ ಹೇಳಿ ಸವೆಸಿದ್ದೇನೆ. ನಾನು ಜಗಲಿಯ ಮೇಲೆ ನಿಂತು ಒಂದು ಸಲ ಕೂಗಿದರೆ ನಮ್ಮ ಮಕ್ಕಳು ಹೊರಗೆ ಬರುತ್ತಿದ್ದರು, ಪಕ್ಕದ ಊರಿನ ಮಕ್ಕಳೂ ಬರುತ್ತಿದ್ದರು. ಆ ಶಾಲೆಯಲ್ಲಿ ನಾನು ಕಲಿತದ್ದು ಅಷ್ಟೇ ಎಂದು ನಿನ್ನಮ್ಮ ಹಂಗಿಸುತ್ತಾಳೆ. ಕಲಿತದ್ದು ಅಷ್ಟೇ ಇರಬಹುದು, ಅದರಲ್ಲೇ ಒಂದು ಜೀವನ ಕಟ್ಟಿಕೊಂಡೆನಲ್ಲ. ಈ ಊರಿನಲ್ಲಿ ಯಾವ ಸಭೆಯಾಗಲಿ, ಮದುವೆಯಾಗಲಿ, ಚುನಾವಣೆಯಾಗಲಿ, ಮೈಕಣ್ಣ ಬರದೆ ಶುರುವಾದದ್ದುಂಟೇ? ನೋಡು, ಬರೆಯಲು ಕೂತದ್ದು ಯಾವುದೋ ವಿಷಯ, ಬರೆಯುತ್ತಿರುವುದು ನನ್ನ ಹೊಗಳಿಕೆ. ಬೆಳಗಿನಿಂದ ಕಾಗದ ಮುಂದಿಟ್ಟುಕೊಂಡಿದ್ದೇನೆ. ಎರಡು ಸಲ ಎದ್ದು ಹೋಗಿ ಕೆಟ್ಟಿಲ್ಲದ ಆಂಪ್ಲಿಫೈಯರನ್ನು ಬಿಚ್ಚಿ ಒರೆಸಿ ಮತ್ತೆ ಮುಚ್ಚಿದೆ. ಹೇಳಬೇಕಾದದ್ದು ಬಾಯಿಗೆ ಬಾರದೆ ಹೋದದ್ದು ನನ್ನ ಆಯುಸ್ಸಿನಲ್ಲಿ ಇದೇ ಮೊದಲು.

ನಮ್ಮ ಊರಿಗೆ ನೀರಿನ ತೊಟ್ಟಿ ಕಟ್ಟಲು ಸರ್ಕಾರ ಹಣ ಮಂಜೂರು ಮಾಡಿದೆ ಎಂದು ನಿನ್ನಮ್ಮ ಬರೆದಿರಬೇಕು. ಸಣ್ಣಪುಟ್ಟ ತೊಟ್ಟಿಯಲ್ಲ, ಬೇಸಗೆಯ ಉದ್ದಕ್ಕೂ ಊರಿಗೆ ಸಾಲುವಷ್ಟು ನೀರು ಹಿಡಿಯುವಂಥದ್ದು. ಮೊದಲ ನಕ್ಷೆಯಲ್ಲಿ ಅದು ನಿಮ್ಮ ಕೆಳಬೀದಿಯ ತಲೆಯ ಮೇಲಿನ ದಿಬ್ಬದಲ್ಲಿತ್ತು. ಅಲ್ಲಿ ಕಟ್ಟಿದರೆ ಮೋಟಾರಿನ ಹಂಗೂ ಇಲ್ಲದೆ ನೀರು ತಾನಾಗಿ ಇಳಿದು ಮನೆಮನೆಗೆ ಬರುತ್ತದೆ. ನಿನ್ನಮ್ಮನ ಬಟ್ಟೆ ಒಗೆಯುವ ಅಂಗಡಿಗೂ ಬರುತ್ತದೆ. ಅವಳು ಪಕ್ಕದ ಮನೆಯಿಂದ ನೀರಿನ ಟ್ಯಾಂಕರಿಗೆ ಫೋನು ಮಾಡಿ, ಅದು ಬರುವವರೆಗೆ ಲಾಡ್ಜಿನವರ ಹಾಸಿಗೆ ಬಟ್ಟೆಗಳ ರಾಶಿಯ ಮುಂದೆ ಕೂತು, ಬಂದಾಗ ಆ ಡ್ರೈವರ್ ಹೇಳಿದಷ್ಟು ಕೊಟ್ಟು, ಮೇಲೆ ಅವನಿಂದ ಬೈಸಿಕೊಳ್ಳುವುದು ನಿನಗೆ ಗೊತ್ತು. ನೀನು ಓದಿದ್ದು ಆ ಹಾಸಿಗೆ ಬಟ್ಟೆಗಳಿಂದ. ಈ ವರ್ಷ ಟ್ಯಾಂಕರಿನವರು ದರ ಇನ್ನೂ ಏರಿಸಿದ್ದಾರೆ. ಅವಳು ಒಂದು ಲಾಡ್ಜಿನ ಕೆಲಸವನ್ನು ಬಿಟ್ಟೇಬಿಟ್ಟಿದ್ದಾಳೆ. ನಿನಗೆ ಹೇಳಿರುವುದಿಲ್ಲ. ತೊಟ್ಟಿ ದಿಬ್ಬದ ಮೇಲೆ ಬಾರದಿದ್ದರೆ ಅಂಗಡಿಯ ಬಾಗಿಲೇ ಹಾಕಬೇಕಾಗುತ್ತದೆ.

ಟ್ಯಾಂಕರ್ ಮಾಲೀಕರ ಸಂಘಕ್ಕೆ ಆ ತೊಟ್ಟಿ ಬೇಡವೆಂದಲ್ಲ. ಬೇಕು, ತಮ್ಮ ಶೆಡ್ಡಿನ ಪಕ್ಕದಲ್ಲಿ ಬೇಕು. ಹೆದ್ದಾರಿಯ ಹತ್ತಿರ ಕಟ್ಟಿದರೆ ಎಲ್ಲ ಕಡೆಗೂ ಬೇಗ ನೀರು ಮುಟ್ಟಿಸಬಹುದು, ತುರ್ತಿಗೆ ಅನುಕೂಲ ಎಂದು ಅವರ ವಾದ. ಅಂದರೆ ತೊಟ್ಟಿ ಸರ್ಕಾರದ್ದು, ನೀರು ಸರ್ಕಾರದ್ದು, ತುಂಬಿಸಿಕೊಂಡು ಹೋಗುವ ಟ್ಯಾಂಕರ್ ಅವರದು, ಬಿಚ್ಚಬೇಕಾದ ಪರ್ಸು ನಿನ್ನಮ್ಮನದು. ಇದು ನನಗೆ ಆಗಲೇ ತಿಳಿದಿರಲಿಲ್ಲವೇ ಎಂದು ನೀನು ಕೇಳುತ್ತೀಯ. ತಿಳಿದಿತ್ತು ಗಿಣಿ. ದಡ್ಡ ಎಂದು ಹೇಳಿ ತಪ್ಪಿಸಿಕೊಳ್ಳಲು ನನಗೆ ದಾರಿಯಿಲ್ಲ.

ಜಾಗ ಎಲ್ಲಿ ಎಂದು ತೀರ್ಮಾನಿಸುವ ಮೊದಲು ಎಲ್ಲ ಬೀದಿಯವರ ಮಾತನ್ನೂ ಅವರ ಬಾಯಿಂದಲೇ ಕೇಳಬೇಕು ಎಂದು ನಿಯಮವಿದೆಯಂತೆ. ಅದಕ್ಕೆ ಮೇಲಿನಿಂದ ಅಧಿಕಾರಿಗಳು ಬಂದು ಪುರಸಭೆಯ ಹಾಲ್‌ನಲ್ಲಿ ಸಭೆ ಇಟ್ಟರು. ಮೈಕು, ಸ್ಪೀಕರ್ ಬಾಕ್ಸು ಎಲ್ಲ ನನ್ನದೇ. ಸಭೆಗೆ ಕೆಲವು ದಿನ ಮುಂಚೆ ಸಂಘದ ಅಧ್ಯಕ್ಷರು ಅಂಗಡಿಗೆ ಬಂದರು. ಈ ಮುರುಕಲು ಸ್ಟೂಲಿನ ಮೇಲೆ ಕೂತು, ಟೀ ಕುಡಿದು, ನನ್ನನ್ನು 'ಕಲಾವಿದರೇ' ಎಂದು ಕರೆದರು. ಯಾಕೆ ಬಂದರು ಗೊತ್ತೇ? ನನ್ನ ಬಾಯಿಯೇ ಅವರನ್ನು ಕರೆದುಕೊಂಡು ಬಂದದ್ದು. ಅವರ ಸಂಘದ ವಾರ್ಷಿಕ ಸಭೆಯಲ್ಲಿ ನಾನು ಎಲ್ಲರೆದುರು ಜಂಬ ಕೊಚ್ಚಿದ್ದೆ. 'ಆಂಪ್ಲಿಫೈಯರಿನ ನಾಬು ನನ್ನ ಕೈಲಿದ್ರೆ ಸಿಂಹನ್ನೂ ಮೇಕೆ ಮಾಡ್ತೀನಿ, ನೋಡ್ತೀರಾ?' ಎಂದು ಹೇಳಿ, ಹಾಡಲು ನಿಂತಿದ್ದ ಅವರ ಡ್ರೈವರೊಬ್ಬನ ದನಿ ಕೆಡಿಸಿ ಮೇಕೆ ಮಾಡಿಯೂ ತೋರಿಸಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಧ್ಯಕ್ಷರು ನಕ್ಕಿದ್ದರೋ ಇಲ್ಲವೋ, ನೆನಪಿನಲ್ಲಂತೂ ಇಟ್ಟುಕೊಂಡಿದ್ದರು. 'ನೀವು ಸುಳ್ಳು ಹೇಳ್ಬೇಕಾಗಿಲ್ಲ ಮೈಕಣ್ಣ, ಬಾಯೇ ಬಿಡ್ಬೇಡಿ. ಕೆಳಬೀದಿಯವರು ಮಾತಾಡೋವಾಗ ಆ ನಿಮ್ಮ ಕೈಚಳಕ ಇದೆಯಲ್ಲ, ಅದನ್ನ ಒಂಚೂರು ತೋರ್ಸಿ, ಸಾಕು. ಯಾರಿಗೂ ಏನೂ ಆಗಲ್ಲ, ನಾಲ್ಕು ಜನ ನಗ್ತಾರೆ ಅಷ್ಟೇ' ಎಂದರು. ಇನ್ನು ಮೇಲೆ ಸಂಘದ ಕಾರ್ಯಕ್ರಮಗಳಿಗೆಲ್ಲ ಮೈಕು ನನ್ನದೇ ಎಂದರು. ಹೊಸ ಬಾಕ್ಸುಗಳನ್ನೂ ಕೊಡಿಸಿದರು. ಆದರೆ ನಿಜ ಹೇಳುತ್ತೇನೆ, ಬಾಕ್ಸಿಗೆ ಸೋತವನಲ್ಲ ನಾನು. 'ಈ ಕೆಲಸ ಊರಲ್ಲಿ ಇನ್ಯಾರ ಕೈಲೂ ಆಗಲ್ಲ' ಎಂದರಲ್ಲ, ಅದಕ್ಕೆ ಸೋತೆ. ಹೊಗಳಿದರೆ ನಿನ್ನ ಮಾವ ಬಾವಿಗೂ ಹಾರುತ್ತಾನೆ ಎಂದು ನಿನ್ನಜ್ಜಿ ಹೇಳುತ್ತಿದ್ದಳು. ನಾನು ಹಾರಲಿಲ್ಲ, ಬೇರೆಯವರನ್ನು ತಳ್ಳಿದೆ.

ನಿನಗೆ ಮೈಕಿನ ಒಂದು ಗುಟ್ಟು ಹೇಳುತ್ತೇನೆ, ಇದು ಈ ಕಸುಬಿನವರಿಗೆ ಮಾತ್ರ ಗೊತ್ತು. ಮೈಕು ಕುಂಯ್ ಎಂದು ಕೂಗಿಕೊಂಡರೆ ಜನ ಮೈಕಿನವನನ್ನು ನೋಡುವುದಿಲ್ಲ, ಮೈಕು ಹಿಡಿದವರನ್ನು ನೋಡುತ್ತಾರೆ. ಹಿಡಿದವರೂ ತಮ್ಮದೇ ತಪ್ಪು ಎಂದುಕೊಳ್ಳುತ್ತಾರೆ. ಶಬ್ದದ ನಾಬನ್ನು ಕೂದಲೆಳೆಯಷ್ಟು ಹೆಚ್ಚಿಸಿದರೆ ಬಾಯಿಯ ಹತ್ತಿರ ತಂದಾಗಲೆಲ್ಲ ಅದು ಸೀಟಿ ಹೊಡೆಯುತ್ತದೆ. ಹೆದರಿ ದೂರ ಹಿಡಿದರೆ ಅಷ್ಟು ಇಳಿಸಿಬಿಡಬೇಕು, ಆಗ ಮಾತೇ ಕೇಳಿಸುವುದಿಲ್ಲ. ನಡುವೆ ಎಕೋ ಸೇರಿಸಿದರೆ ಒಂದು ಮಾತಿನ ಮೇಲೆ ಇನ್ನೊಂದು ಬಿದ್ದು ಕಲಸಿಹೋಗುತ್ತದೆ. ಎಂಥ ಪಂಡಿತನೂ ಎರಡು ನಿಮಿಷದಲ್ಲಿ ಬೆವತು ಕೂತುಬಿಡುತ್ತಾನೆ.

ಕೆಳಬೀದಿಯ ಪರವಾಗಿ ಆ ರಿಟೈರಾದ ಪೋಸ್ಟ್‌ಮ್ಯಾನು ಮಾತಾಡುವುದೆಂದು ಗೊತ್ತಾಗಿತ್ತು. ಅವನಿಗೂ ನನಗೂ ಹಳೆಯ ಜಟಾಪಟಿ. ಮೇಕೆ ಮಾಡಿದರೆ ಅವನನ್ನು ತಾನೇ ಮಾಡುವುದು, ನಾಲ್ಕು ದಿನ ನಗಲು ಆಯಿತು ಎಂದುಕೊಂಡೇ ಹೋಗಿ ಕೂತೆ. ಅವನು ಬರಲೇ ಇಲ್ಲ. ಗಂಟಲು ಕಟ್ಟಿದೆ ಎಂದು ಹೇಳಿ ಕಳಿಸಿದನಂತೆ. ಅವನ ಮಗನಿಗೆ ಸಂಘದಲ್ಲಿ ಡ್ರೈವರ್ ಕೆಲಸ ಸಿಕ್ಕಿದೆಯೆಂದು ಆಮೇಲೆ ತಿಳಿಯಿತು. ಅಧಿಕಾರಿ ಒಬ್ಬ ಹೆಂಗಸು, ಬಹಳ ತಾಳ್ಮೆಯವರು. 'ಕೆಳಬೀದಿಯಿಂದ ಯಾರಾದ್ರೂ ಮಾತಾಡ್ತೀರಾ?' ಎಂದು ಕೇಳಿ ಕಾದರು. ಹಿಂದಿನ ಬೆಂಚುಗಳಲ್ಲಿ ಗುಸುಗುಸು. ನೀನು ಹೋಗು, ನೀನು ಹೋಗು ಎಂದು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಆಗ ನಿನ್ನಮ್ಮ ಎದ್ದಳು. ಪಕ್ಕದವಳು ಸೆರಗು ಹಿಡಿದೆಳೆದು 'ನಿಂಗೆ ಹೆದ್ರಿಕೆ ಆಗಲ್ವೇನೇ?' ಎಂದು ಕೇಳಿದಳು. ಅದಕ್ಕೆ ಇವಳು ಇಡೀ ಹಾಲ್‌ಗೆ ಕೇಳಿಸುವ ಹಾಗೆ, ನಗುನಗುತ್ತಾ ಹೇಳಿದ್ದೇನು ಗೊತ್ತೇ? 'ಮೈಕು ನಮ್ಮಣ್ಣನದು, ಹೆದ್ರಿಕೆ ಯಾಕೆ?'

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಮತ್ತೆ ಎತ್ತಿಕೊಂಡಿದ್ದೇನೆ.

ಅವಳ ಆ ಮಾತು ಕೇಳಿ ನಾನು ಅಲ್ಲಿಗೇ ಆಟ ನಿಲ್ಲಿಸಬಹುದಿತ್ತು. ಕೈ ನನ್ನದು, ನಾಬು ನನ್ನದು, ತಂಗಿ ನನ್ನವಳು. ಎದುರು ಸಾಲಿನಲ್ಲಿ ಕೂತಿದ್ದ ಅಧ್ಯಕ್ಷರು ಹಿಂತಿರುಗಿ ನನ್ನತ್ತ ನೋಡಿದರು. ಬೆದರಿಸುವ ನೋಟವಲ್ಲ. ಕೈಲಾಗುತ್ತದೋ ಇಲ್ಲವೋ ಎಂದು ಕೇಳುವ ನೋಟ. ನನ್ನ ಕೈ ತಿರುಗಿತು. 'ಅಮ್ಮಾ, ನಮ್ಮ ಬೀದೀಲಿ' ಎಂದಳು, ಮೈಕು ಕುಂಯ್ ಎಂದಿತು. ಬೆಚ್ಚಿ ದೂರ ಹಿಡಿದಳು, ನಾನು ಇಳಿಸಿದೆ. 'ಕೇಳಿಸ್ತಿಲ್ಲಮ್ಮ, ಸ್ವಲ್ಪ ಹತ್ರ ಹಿಡೀರಿ' ಎಂದರು ಅಧಿಕಾರಿ. ಹತ್ತಿರ ತಂದಳು, ಏರಿಸಿದೆ. ಹಾಲ್‌ನಲ್ಲಿ ನಗು ಎದ್ದಿತು. ಅವಳು ಎರಡೂ ಕೈಯಲ್ಲಿ ಮೈಕನ್ನು ಹಿಡಿದುಕೊಂಡು, ಆ ನಗುವಿನ ಮಧ್ಯೆ ನನ್ನನ್ನೇ ಹುಡುಕಿ ನೋಡಿ, 'ಅಣ್ಣಾ, ನಾನು ಸರಿಯಾಗಿ ಹಿಡ್ಕೊಂಡಿಲ್ವೇನೋ, ಒಂಚೂರು ನೋಡೋ' ಎಂದಳು. ಚಿಕ್ಕಂದಿನಲ್ಲಿ ಕೆರೆಯ ಜಾರುವ ಮೆಟ್ಟಿಲಲ್ಲಿ ನಿಂತು ಹಾಗೆಯೇ ಕರೆಯುತ್ತಿದ್ದಳು. ನಾನೇನು ಮಾಡಿದೆ? ನನ್ನ ಮೇಜಿನ ಮೇಲಿನ ಮೈಕು ತೆಗೆದುಕೊಂಡೆ. 'ಬಟ್ಟೆ ಹಿಂಡೋ ಕೈ ನೋಡಿ ಸ್ವಾಮಿ, ಮೈಕನ್ನೂ ಹಿಂಡಿಬಿಟ್ಳು!' ಎಂದೆ. ಅದು ಯಾರೂ ಹೇಳಿಕೊಟ್ಟದ್ದಲ್ಲ, ಅಧ್ಯಕ್ಷರು ಕೇಳಿದ್ದೂ ಅಲ್ಲ. ನನ್ನದೇ ಸ್ವಂತದ್ದು. ಹಾಲ್ ಬಿದ್ದು ಬಿದ್ದು ನಕ್ಕಿತು. ಅಧಿಕಾರಿಯ ಪಕ್ಕದಲ್ಲಿದ್ದವನೂ ನಕ್ಕ. ಅವಳೂ ನಕ್ಕಳು ಗಿಣಿ. ನಕ್ಕು, ಮೈಕನ್ನು ಯಾರ ಕೈಗೋ ಕೊಟ್ಟು, ಸೆರಗಿನಿಂದ ಕತ್ತು ಒರೆಸಿಕೊಂಡು ಹೋಗಿ ಹಿಂದೆ ಕೂತಳು. ಆಮೇಲೆ ಅಧ್ಯಕ್ಷರು ಎದ್ದು ಮಾತಾಡಿದರು. ಅವರ ಮಾತು ರೇಡಿಯೋದಲ್ಲಿ ಬಂದ ಹಾಗೆ ಬಂತು. ಅಷ್ಟು ಚೆನ್ನಾಗಿ ನಾನು ಯಾರಿಗೂ ಕೊಟ್ಟಿರಲಿಲ್ಲ.

ಅವಳು ಕೋಪ ಮಾಡಿಕೊಂಡಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನಾಲ್ಕು ಬೈದು, ಮುಖ ತಿರುಗಿಸಿಕೊಂಡು ಹೋಗಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಅವಳು ಆ ಸಂಜೆಯೇ ನನ್ನ ಷರಟುಗಳನ್ನು ಒಗೆದು ಇಸ್ತ್ರಿ ಮಾಡಿ ತಂದಳು. ಬಾಗಿಲಲ್ಲೇ ನಿಂತು, 'ನಿನ್ನ ಮೈಕಿನ ಮಾನ ಕಳೆದುಬಿಟ್ಟೆ ಕಣೋ ಅಣ್ಣಾ, ಅಷ್ಟು ಜನರ ಮುಂದೆ' ಎಂದು ಕ್ಷಮೆ ಕೇಳಿದಳು. ನಾನು 'ಹೋಗ್ಲಿ ಬಿಡು, ಅಭ್ಯಾಸ ಇಲ್ಲದವರಿಗೆ ಹಾಗೇ ಆಗೋದು' ಎಂದೆ. ತಿಳಿಯಿತೇ? ನಾನು ಅವಳನ್ನು ಕ್ಷಮಿಸಿದೆ! ಷರಟುಗಳನ್ನೂ ಇಸಿದುಕೊಂಡೆ. ಈಗ ಬೀದಿಯ ಮಕ್ಕಳು ಅವಳು ಹೋಗುವಾಗ ಹಿಂದಿನಿಂದ ಕುಂಯ್ ಎನ್ನುತ್ತವೆ. ದೊಡ್ಡವರು 'ಸೀಟಿ ಅಕ್ಕ' ಎನ್ನುತ್ತಾರೆ. ನಲ್ಲಿಯ ಹತ್ತಿರ ಒಬ್ಬಳು, 'ನಿನ್ನಿಂದಾನೇ ಕಣೇ ನಮ್ಮ ತೊಟ್ಟಿ ಹೋಗಿದ್ದು' ಎಂದು ಮುಖಕ್ಕೇ ಹೇಳಿದಳಂತೆ. ನಿನ್ನಮ್ಮ ಅದನ್ನು ನನ್ನೆದುರೇ ಕೂತು, ಅನ್ನ ಬಡಿಸುತ್ತಾ ಹೇಳಿದಳು. 'ಅವಳು ಹೇಳಿದ್ದು ಸುಳ್ಳಲ್ಲ ಬಿಡು' ಎಂದೂ ಹೇಳಿದಳು. ನಾನು ತಲೆ ತಗ್ಗಿಸಿಕೊಂಡು ಇನ್ನೊಂದು ತುತ್ತು ಕಲಸಿದೆ.

ಇನ್ನೂ ಎಲ್ಲವೂ ಮುಗಿದಿಲ್ಲ, ಅದಕ್ಕೇ ನಿನಗೆ ಬರೆಯುತ್ತಿರುವುದು. ಕೆಳಬೀದಿಯವರ ಮಾತು ನಮಗೆ ಕೇಳಿಸಲಿಲ್ಲ, ಹಣ ಬಿಡುಗಡೆ ಮಾಡುವ ಮೊದಲು ಇನ್ನೊಂದು ಅವಕಾಶ ಕೊಡುತ್ತೇವೆ ಎಂದು ಆ ಅಧಿಕಾರಿ ಹೆಂಗಸು ಪಟ್ಟು ಹಿಡಿದು ಹೇಳಿ ಹೋಗಿದ್ದಾರೆ. ಬರುವ ಗುರುವಾರ ಮತ್ತೆ ಸಭೆ. ಯಾರಾದರೂ ಒಬ್ಬರು ನಿಂತು ಮಾತಾಡಬೇಕು. ಮಾತಾಡದಿದ್ದರೆ ಕೆಳಬೀದಿಗೆ ಆಕ್ಷೇಪವಿಲ್ಲ ಎಂದೇ ಲೆಕ್ಕ, ತೊಟ್ಟಿ ಟ್ಯಾಂಕರ್ ಶೆಡ್ಡಿನ ಪಕ್ಕಕ್ಕೆ. ಪೋಸ್ಟ್‌ಮ್ಯಾನಿನ ಗಂಟಲು ಇನ್ನೂ ಬಿಟ್ಟಿಲ್ಲ, ಬಿಡುವ ಹಾಗೂ ಕಾಣುವುದಿಲ್ಲ. ಉಳಿದವರಿಗೆ ತಮ್ಮನ್ನೂ ನೋಡಿ ನಗುತ್ತಾರೆಂಬ ಭಯ. ಹೇಳಬೇಕಾದದ್ದು ಪೂರ್ತಿ ಗೊತ್ತಿರುವವಳು ನಿನ್ನಮ್ಮನೇ. ಅವಳು ಮಾತ್ರ, 'ಇನ್ನು ಜನ್ಮದಲ್ಲಿ ಮೈಕು ಮುಟ್ಟಲ್ಲ' ಎಂದು ಕೂತಿದ್ದಾಳೆ. ಗುರುವಾರಕ್ಕೂ ಮೈಕು ನನ್ನದೇ. ಅಧ್ಯಕ್ಷರು ನಿನ್ನೆ ಬಂದು ಬೆನ್ನು ತಟ್ಟಿ ಹೋದರು.

ನಿಜ ಹೇಳಿಬಿಡೋಣವೆಂದು ನಿಮ್ಮ ಮನೆಗೆ ಹೋದದ್ದುಂಟು. ಹೋದಾಗಲೆಲ್ಲ ಅವಳು ತಟ್ಟೆ ಇಟ್ಟುಬಿಡುತ್ತಾಳೆ. ಅವಳು ಬಡಿಸಿದ್ದನ್ನು ಉಂಡು ಆ ಮಾತು ಹೇಳುವುದಕ್ಕಾಗುವುದಿಲ್ಲ, ಹೇಳಿಬಿಟ್ಟು ಉಣ್ಣುವುದಕ್ಕೂ ಆಗುವುದಿಲ್ಲ. ಹೀಗಾಗಿ ಊಟ ಮಾಡಿ, ಹಾಳುಹರಟೆ ಹೊಡೆದು ಬರುತ್ತಿದ್ದೇನೆ. ನೀನೊಂದು ಉಪಕಾರ ಮಾಡು. ಈ ಕಾಗದ ಮುಟ್ಟಿದ ಕೂಡಲೇ ಪಕ್ಕದ ಮನೆಗೆ ಫೋನು ಮಾಡಿ ಅವಳನ್ನು ಕರೆಸು. ಮಾವನ ಆಂಪ್ಲಿಫೈಯರು ಅವತ್ತು ಕೆಟ್ಟಿತ್ತಂತೆ, ವೈರು ಸಡಿಲವಾಗಿತ್ತಂತೆ, ಜಂಬಗಾರ ಮುದುಕ ಒಪ್ಪಿಕೊಂಡಿಲ್ಲ, ನೀನು ಧೈರ್ಯವಾಗಿ ಹೋಗಿ ಮಾತಾಡು ಎಂದು ಹೇಳು. ನನ್ನ ಯಂತ್ರ ಕೆಟ್ಟಿತ್ತು ಎಂದು ನಾನೇ ಬರೆದುಕೊಟ್ಟ ಮೊದಲ ಕಾಗದ ಇದು, ಅದೂ ಕೆಡದೇ ಇದ್ದದ್ದಕ್ಕೆ. ಅವಳು ನಿನ್ನ ಮಾತು ನಂಬುತ್ತಾಳೆ. ಗುರುವಾರ ನಾನು ನಾಬಿನ ಮೇಲೆ ಕೈ ಇಡುವುದಿಲ್ಲ, ನಿನ್ನಾಣೆ. ಅವಳಿಗೆ ಪೂರ್ತಿ ಸತ್ಯ ತಿಳಿಯಲೇಬೇಕೆಂದೇನೂ ಇಲ್ಲವಲ್ಲ? ತೊಟ್ಟಿ ಬಂದರೆ ಸಾಕಲ್ಲ? ಬರೆದು ನೋಡಿದರೆ ಈ ಪ್ರಶ್ನೆಯೂ ನಾಚಿಕೆಗೇಡಿನದಾಗಿಯೇ ಕಾಣುತ್ತದೆ. ಇರಲಿ, ಹೊಡೆದುಹಾಕುವುದಿಲ್ಲ. ನಿನ್ನ ಮಾವ ಎಂಥವನೆಂದು ನಿನಗೂ ಗೊತ್ತಿರಲಿ.

ಬಸ್ಸನ್ನು ನಿಧಾನವಾಗಿ ಓಡಿಸು. ಹಿಂದೆ ಹಾರ್ನ್ ಹೊಡೆಯುವವರಿಗೆ ಹೆದರಬೇಡ. ಹೊಟ್ಟೆ ತುಂಬ ಉಣ್ಣು, ಸೊಂಟ ನೋಡಿಕೋ. ಲೈಸೆನ್ಸು ಕೈಗೆ ಬಂದ ದಿನ ನಿನ್ನಮ್ಮನನ್ನು ಮೊದಲ ಸೀಟಿನಲ್ಲಿ ಕೂರಿಸು. ನಾನು ಜಾಗವಿದ್ದರೆ ಹಿಂದೆ ನಿಂತುಕೊಳ್ಳುತ್ತೇನೆ. ನಿನಗೆ ಒಳ್ಳೆಯದಾಗಲಿ ಮಗಳೇ.

ಇಂತಿ ನಿನ್ನ ಮಾವ,
ಊರಿಗೆಲ್ಲ ಮೈಕಣ್ಣ

ಮತ್ತೆ ಬರೆಯುವುದು: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನಮ್ಮ ಬಂದಳು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಗುರುವಾರ ಬೇರೆ ಯಾರೂ ಒಪ್ಪಲಿಲ್ಲವಂತೆ. 'ನನ್ನಿಂದ ಹೋಗಿದ್ದು, ನಾನೇ ಹೋಗ್ತೀನಿ. ಮೈಕು ಹಿಡಿಯೋದು ಹೇಗೆ ಅಂತ ಹೇಳ್ಕೊಡು' ಎಂದು ಬಂದು ನಿಂತಳು. ಆಂಪ್ಲಿಫೈಯರ್ ಹಾಕಿ ಮೈಕು ಕೊಟ್ಟೆ. ಎಲ್ಲ ಹೇಳಿದಳು ಗಿಣಿ. ನೀರಿಗೆ ಕಾದದ್ದು, ಬೈಸಿಕೊಂಡದ್ದು, ಲಾಡ್ಜಿನ ಕೆಲಸ ಬಿಟ್ಟದ್ದು, ದಿಬ್ಬದ ಮೇಲೆ ಕಟ್ಟಿದರೆ ಯಾರ್‍ಯಾರ ಮನೆಗೆ ನೀರು ಇಳಿಯುತ್ತದೆ ಎನ್ನುವುದನ್ನೆಲ್ಲ ತಡವರಿಸದೆ ಹೇಳಿದಳು. ಮೈಕು ಒಂದು ಸಲವೂ ಕೂಗಲಿಲ್ಲ. 'ಸರಿಯಾಗಿ ಹಿಡ್ಕೊಂಡೆನಾ?' ಎಂದು ಕೇಳಿದಳು. ಸರಿಯಾಗಿದೆ ಎಂದೆ. ಆಗ ತನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡಳು. ಆಮೇಲೆ ನಾಬಿನ ಮೇಲಿದ್ದ ನನ್ನ ಕೈ ನೋಡಿದಳು. 'ಅವತ್ತೂ ಹೀಗೇ ಹಿಡ್ಕೊಂಡಿದ್ದೆ' ಎಂದಳು. ಅಷ್ಟೇ. ಟೀ ತರುತ್ತೇನೆ ಎಂದು ಒಳಗೆ ಓಡಿಬಂದು ಇದನ್ನು ಬರೆಯುತ್ತಿದ್ದೇನೆ. ಮೇಲೆ ಕೇಳಿದ ಉಪಕಾರ ಬೇಡ. ವೈರಿನ ಕಥೆಯೂ ಬೇಡ. ನೀನೇನೂ ಬರೆಯಬೇಡ, ಫೋನೂ ಮಾಡಬೇಡ. ನಾನೇ ಹೇಳುತ್ತೇನೆ. ಗುರುವಾರ ಮೈಕಿನ ಹತ್ತಿರ ನಾನಿರಬೇಕೋ ಬೇಡವೋ ಎನ್ನುವುದನ್ನು ಅವಳೇ ಹೇಳಲಿ. ಬೇಕೆಂದರೆ ಅಷ್ಟೂ ಜನರೆದುರು ನಾಬು ತಿರುಗಿಸಿ ತೋರಿಸಿ, ಮಾಡಿದ್ದು ಹೀಗೆ ಎನ್ನುತ್ತೇನೆ. ಮೈಕನ್ನು ಅವಳ ಕೈಯಲ್ಲೇ ಬಿಟ್ಟು ಬಂದಿದ್ದೇನೆ, ಆರಿಸಿಲ್ಲ. ಅವಳು ಉಸಿರಾಡುವುದು ಬಾಕ್ಸಿನಲ್ಲಿ ಕೇಳಿಸುತ್ತಿದೆ. ಈಗ ಕರೆದಳು, 'ಅಣ್ಣಾ' ಎಂದು. ಮೈಕಿನಲ್ಲೇ ಕರೆದಳು. ಬೀದಿಗೆಲ್ಲ ಕೇಳಿಸಿರಬೇಕು. ಹೊರಟೆ.